ಕೆವಿನ್ ಏರಿದ್ದು ಹೇಗೆ, ಇಳಿದದ್ದು ಯಾಕೆ: ಒಂದು ಹೆಸರಿನ ಪ್ರಕರಣ

1991ರಲ್ಲಿ ಫ್ರಾನ್ಸಿನಲ್ಲಿ ಸುಮಾರು 14 ಸಾವಿರ ಗಂಡುಮಕ್ಕಳಿಗೆ ಕೆವಿನ್ ಅಂತ ಹೆಸರಿಟ್ಟರು. ಆ ವರ್ಷ ಅಲ್ಲಿ ಹುಟ್ಟಿದ ಗಂಡುಮಕ್ಕಳು ನಾಲ್ಕು ಲಕ್ಷದ ಹತ್ತಿರ. ಅಂದರೆ ನೂರು ಹುಡುಗರಲ್ಲಿ ಮೂವರೋ ನಾಲ್ವರೋ ಕೆವಿನ್‌ಗಳು. 1989ರಿಂದ 1994ರವರೆಗೆ ಆ ದೇಶದಲ್ಲಿ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಇದೇ. ಆಮೇಲೆ ಬಿದ್ದಿತು. 2000ದ ಹೊತ್ತಿಗೆ ಮೊದಲ ಹತ್ತು ಹೆಸರುಗಳಲ್ಲಿ ಕೆವಿನ್ ಇರಲಿಲ್ಲ. ಈಗ ಫ್ರಾನ್ಸಿನ ಯಾರಾದರೂ ಗರ್ಭಿಣಿ 'ಮಗ ಹುಟ್ಟಿದರೆ ಕೆವಿನ್ ಅಂತ ಇಡೋಣ ಅಂತಿದ್ದೀವಿ' ಅಂದರೆ, ಕೇಳಿದವರು ಮೊದಲು ಆಕೆಯ ಮುಖ ನೋಡಿ ತಮಾಷೆಯೋ ನಿಜವೋ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ.

ಹೆಸರು ಹಳತಾಗುವುದು ದೊಡ್ಡ ವಿಷಯ ಏನಲ್ಲ. ನಮ್ಮಲ್ಲೂ ಈಗ ಯಾರು ಮಗನಿಗೆ ರಂಗಸ್ವಾಮಿ ಅಂತ ಇಡುತ್ತಾರೆ? ಕೆವಿನ್‌ಗೂ ಮೊದಲು ಫ್ರಾನ್ಸಿನಲ್ಲಿ ಒಂದನೇ ಜಾಗದಲ್ಲಿದ್ದದ್ದು ಜೂಲಿಯೆನ್. ಅದಕ್ಕೂ ಮೊದಲು ನಿಕೋಲಾ. ಅವೂ ಇಳಿದವು. ಆದರೆ ಜೂಲಿಯೆನ್ ಅಂದರೆ ಯಾರೂ ನಗುವುದಿಲ್ಲ. ಕೆವಿನ್ ಅಂದರೆ ನಗುತ್ತಾರೆ. ಎರಡೂ ಹೆಸರು ಏರಿ ಇಳಿದವು, ಒಂದಕ್ಕೆ ಮಾತ್ರ ಅವಮಾನ ಅಂಟಿತು. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ವ್ಯತ್ಯಾಸವೇ.

ಲೆಕ್ಕ ಎಲ್ಲಿಂದ ಬರುತ್ತೆ

ಇಷ್ಟು ಖಚಿತವಾಗಿ ಮಾತಾಡಲು ಆಗುವುದಕ್ಕೆ ಕಾರಣ ಒಂದು ಕಡತ. ಫ್ರಾನ್ಸಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ, ಇನ್ಸೀ ಅಂತ ಕರೆಯುತ್ತಾರೆ, 1900ರಿಂದ ಈಚೆಗೆ ಹುಟ್ಟಿದ ಮಕ್ಕಳ ಹೆಸರುಗಳ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದೆ. ನೋಡಲು ಬಹಳ ಸಪ್ಪೆ ಕಡತ. ಒಂದು ಸಾಲಲ್ಲಿ ಲಿಂಗ, ಹೆಸರು, ಹುಟ್ಟಿದ ವರ್ಷ, ಜಿಲ್ಲೆ, ಎಷ್ಟು ಮಕ್ಕಳು. ಗಂಡಾದರೆ 1, ಹೆಣ್ಣಾದರೆ 2. ತೀರಾ ಕಡಿಮೆ ಜನ ಇಟ್ಟ ಹೆಸರುಗಳನ್ನು ಬೇರೆ ಬೇರೆ ತೋರಿಸದೆ 'ಅಪರೂಪದ ಹೆಸರುಗಳು' ಅಂತ ಒಂದೇ ಕಡೆ ಸೇರಿಸಿಬಿಡುತ್ತಾರೆ. ಇಲ್ಲದಿದ್ದರೆ ಒಂದು ಜಿಲ್ಲೆಯ ಒಂದೇ ಒಂದು ಮಗುವನ್ನು ಹೆಸರು ಹಿಡಿದು ಗುರುತಿಸಿಬಿಡಬಹುದಲ್ವಾ.

ಇದನ್ನು ಓದುವಾಗ ಒಂದು ಎಚ್ಚರ ಬೇಕು. ಒಂದೇ ಹೆಸರನ್ನು ಜನ ಎರಡು ಮೂರು ರೀತಿ ಬರೆಸಿರುತ್ತಾರೆ. ಕೆವಿನ್‌ನ ಮೊದಲ ಸ್ವರದ ಮೇಲೆ ಫ್ರೆಂಚ್ ಗೀಟು ಹಾಕಿ ಬರೆಸಿದವರು ಉಂಟು, ಇಂಗ್ಲಿಷ್ ಥರ ಗೀಟಿಲ್ಲದೆ ಬರೆಸಿದವರೂ ಉಂಟು. ಎರಡನ್ನೂ ಕೂಡಿಸಿದರೆ ಮಾತ್ರ ನಿಜವಾದ ಎತ್ತರ ಕಾಣುತ್ತೆ. ನಮ್ಮಲ್ಲಿ ಸುಹಾಸ್, ಸುಹಾಸ ಅಂತ ಎರಡು ಕಡೆ ಎಣಿಸಿದ ಹಾಗೆ ಆಗಬಾರದು.

ಜರ್ಮನಿಯಲ್ಲಿ ಇಂಥ ಸರ್ಕಾರಿ ಕಡತ ಇಲ್ಲ. ಅಲ್ಲಿ ಜರ್ಮನ್ ಭಾಷಾ ಸಂಘವೊಂದು ನೋಂದಣಿ ಕಚೇರಿಗಳಿಂದ ತರಿಸಿಕೊಂಡು ಪಟ್ಟಿ ಮಾಡುತ್ತೆ. ಜೊತೆಗೆ ಹವ್ಯಾಸಕ್ಕಾಗಿ ಹೆಸರು ಎಣಿಸುವವರೂ ಇದ್ದಾರೆ. ಅಲ್ಲಿನ ಲೆಕ್ಕದಲ್ಲೂ 1991ರ ಒಂದನೇ ಗಂಡು ಹೆಸರು ಕೆವಿನ್ನೇ. ಒಂದೇ ವರ್ಷ, ಅಕ್ಕಪಕ್ಕದ ಎರಡು ದೇಶ, ಒಂದೇ ಹೆಸರು. ಹೀಗಾಗಿ ಎಲ್ಲರೂ ಒಂದೇ ಕಾರಣದತ್ತ ಕೈ ತೋರಿಸಿದರು.

ಆರೋಪಿ ನಂಬರ್ 1: ಒಂದು ಸಿನಿಮಾ

1990ರ ಕೊನೆಗೆ ಅಮೆರಿಕದಲ್ಲಿ 'ಹೋಮ್ ಅಲೋನ್' ಬಂತು. ಮನೆಯವರೆಲ್ಲ ಕ್ರಿಸ್‌ಮಸ್ ರಜೆಗೆ ಹೊರಟ ಗಡಿಬಿಡಿಯಲ್ಲಿ ಎಂಟು ವರ್ಷದ ಹುಡುಗನನ್ನು ಮನೆಯಲ್ಲೇ ಮರೆತು ಹೋಗುತ್ತಾರೆ. ಹುಡುಗನ ಹೆಸರು ಕೆವಿನ್. ಕಳ್ಳರಿಗೆ ಬುದ್ಧಿ ಕಲಿಸುತ್ತಾನೆ. ಲೋಕವೇ ನಕ್ಕಿತು. ಅದೇ ಹೊತ್ತಿಗೆ ಹಾಲಿವುಡ್ ನಟ ಕೆವಿನ್ ಕಾಸ್ಟ್ನರ್ ಮಾಡಿದ 'ಡ್ಯಾನ್ಸಸ್ ವಿತ್ ವುಲ್ವ್ಸ್' 1991ರ ಮಾರ್ಚಿನಲ್ಲಿ ಏಳು ಆಸ್ಕರ್ ಗೆದ್ದಿತು. ಹಾಗಾಗಿ ಹೇಳುವವರಿಗೆ ಸುಲಭವಾಯಿತು: ಒಬ್ಬ ತುಂಟ ಕೆವಿನ್, ಒಬ್ಬ ಸ್ಫುರದ್ರೂಪಿ ಕೆವಿನ್, ಅಪ್ಪ ಅಮ್ಮಂದಿರು ಮರುಳಾದರು.

ಕೇಳಲು ಚೆನ್ನಾಗಿದೆ. ತಾರೀಖು ಮಾತ್ರ ಹೊಂದುವುದಿಲ್ಲ.

'ಹೋಮ್ ಅಲೋನ್' ಫ್ರಾನ್ಸಿನಲ್ಲಿ ಬಿಡುಗಡೆಯಾದದ್ದು 1990ರ ಡಿಸೆಂಬರ್‌ನಲ್ಲಿ. ಕಾಸ್ಟ್ನರ್ ಚಿತ್ರ ಅಲ್ಲಿಗೆ ಬಂದದ್ದು 1991ರ ಶುರುವಿನಲ್ಲಿ. ಕೆವಿನ್ ಒಂದನೇ ಸ್ಥಾನಕ್ಕೆ ಬಂದದ್ದು 1989ರಲ್ಲಿ. ಕಾರಣ ಬರುವ ಮೊದಲೇ ಪರಿಣಾಮ ಬಂದು ಕೂತಿತ್ತು. ಇನ್ನೂ ಒಂದು ಸಂಗತಿ ಇದೆ. ಫ್ರಾನ್ಸಿನಲ್ಲಿ ಆ ಚಿತ್ರದ ಹೆಸರಲ್ಲಿ 'ಕೆವಿನ್' ಇರಲೇ ಇಲ್ಲ. 'ಅಮ್ಮಾ, ವಿಮಾನ ತಪ್ಪಿಹೋಯ್ತು' ಅನ್ನುವಂಥ ಹೆಸರು ಕೊಟ್ಟಿದ್ದರು. ಪೋಸ್ಟರ್ ನೋಡಿ ಮಗನಿಗೆ ಹೆಸರಿಡುವ ಪ್ರಮೇಯವೇ ಇರಲಿಲ್ಲ. ಅಂದಹಾಗೆ, ಕಥೆಯಲ್ಲಿ ಆ ಕುಟುಂಬ ಶಿಕಾಗೋದಲ್ಲಿ ಮಗನನ್ನು ಬಿಟ್ಟು ಹೋಗುವುದು ಎಲ್ಲಿಗೆ ಗೊತ್ತಾ? ಪ್ಯಾರಿಸ್‌ಗೆ. ಒಬ್ಬ ಕೆವಿನ್‌ನನ್ನು ಮನೆಯಲ್ಲಿ ಮರೆತವರು, ಸಾವಿರಾರು ಪುಟಾಣಿ ಕೆವಿನ್‌ಗಳಿದ್ದ ದೇಶದಲ್ಲಿ ಇಳಿದರು.

ಜರ್ಮನಿಯಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಚಿತ್ರದ ಹೆಸರೇ 'ಕೆವಿನ್ ಒಬ್ಬನೇ ಮನೆಯಲ್ಲಿ' ಅನ್ನುವ ಥರ. 1991ರ ಜನವರಿಯಲ್ಲಿ ಬಂತು, ಅದೇ ವರ್ಷ ಹೆಸರು ತುದಿ ಮುಟ್ಟಿತು. ಅಲ್ಲಿ ಸಿನಿಮಾದ ಪಾಲು ಇಲ್ಲ ಅನ್ನಲಾರೆ. ಆದರೆ ಅಲ್ಲಿನ ಹೆಸರಾಂತ ಕೆವಿನ್‌ಗಳ ಜನ್ಮದಿನ ನೋಡಿ. ಫುಟ್‌ಬಾಲ್ ಆಟಗಾರ ಕೆವಿನ್-ಪ್ರಿನ್ಸ್ ಬೊಟೆಂಗ್ ಹುಟ್ಟಿದ್ದು 1987ರಲ್ಲಿ, ಬರ್ಲಿನ್‌ನಲ್ಲಿ. 2014ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಕೆವಿನ್ ಗ್ರೋಸ್‌ಕ್ರೊಯ್ಟ್ಸ್ 1988ರಲ್ಲಿ. ಮುಂದೆ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದ ಕೆವಿನ್ ಕ್ಯೂನರ್ಟ್ 1989ರಲ್ಲಿ. ಗೋಲ್‌ಕೀಪರ್ ಕೆವಿನ್ ಟ್ರಾಪ್ 1990ರ ಜುಲೈಯಲ್ಲಿ. ಇವರ್ಯಾರ ತಂದೆತಾಯಿಯೂ ಆ ಸಿನಿಮಾ ನೋಡಿ ಹೆಸರಿಟ್ಟಿರಲು ಸಾಧ್ಯವೇ ಇಲ್ಲ. ಜರ್ಮನರಿಗೆ ಈ ಹೆಸರು ಅದಕ್ಕೂ ಮೊದಲೇ ಕಿವಿಗೆ ಬಿದ್ದಿತ್ತು. ಇಂಗ್ಲೆಂಡಿನ ಆಟಗಾರ ಕೆವಿನ್ ಕೀಗನ್ 1977ರಿಂದ 1980ರವರೆಗೆ ಹ್ಯಾಂಬರ್ಗ್ ತಂಡಕ್ಕೆ ಆಡಿದ್ದ. 1978, 1979 ಎರಡೂ ವರ್ಷ ಯುರೋಪಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೇ ಬಂತು. ತೇರು ಆಗಲೇ ಚಲಿಸುತ್ತಿತ್ತು. ಸಿನಿಮಾ ಬಂದು ಹಗ್ಗಕ್ಕೆ ಕೈ ಹಾಕಿತು, ಅಷ್ಟೇ.

ಅಮೆರಿಕದಲ್ಲಂತೂ ಕೆವಿನ್ ಆಗ ಹೊಸ ಹೆಸರೇ ಅಲ್ಲ. ಅಲ್ಲಿ ಅದು ತುದಿ ಮುಟ್ಟಿದ್ದು 1960ರ ದಶಕದಲ್ಲಿ. 1963ರಲ್ಲಿ 11ನೇ ಸ್ಥಾನ. ಅದಕ್ಕಿಂತ ಮೇಲೆ ಹೋಗಲಿಲ್ಲ, ಧಡಕ್ಕನೆ ಬೀಳಲೂ ಇಲ್ಲ. ಚಿತ್ರಕಥೆ ಬರೆದವರು ಶಿಕಾಗೋದ ಅನುಕೂಲಸ್ಥರ ಮನೆಯ ಮಾಮೂಲಿ ಹುಡುಗನಿಗೆ ಒಂದು ಮಾಮೂಲಿ ಹೆಸರು ಕೊಟ್ಟರು.

ಹೆಸರಿನ ಹಿಂದಿನ ಕಥೆ ಬಹಳ ಸಲ ಆಮೇಲೆ ಹುಟ್ಟುತ್ತೆ. ಇದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ನ್ಯೂಜಿಲೆಂಡ್ ಆಟಗಾರ ರಚಿನ್ ರವೀಂದ್ರ 2023ರ ವಿಶ್ವಕಪ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಪಾಕಿಸ್ತಾನದ ವಿರುದ್ಧ ನೂರು ಹೊಡೆದಾಗ, ಅವನ ತಂದೆತಾಯಿ ಬೆಂಗಳೂರಿನವರು, ರಾಹುಲ್‌ನ 'ರ', ಸಚಿನ್‌ನ 'ಚಿನ್' ಸೇರಿಸಿ ಮಗನಿಗೆ ಹೆಸರಿಟ್ಟರು ಅಂತ ಎಲ್ಲರೂ ಹೇಳಿದರು. ಟಿವಿಯಲ್ಲಿ ಬಂತು, ವಾಟ್ಸ್ಆ್ಯಪ್‌ನಲ್ಲಿ ಬಂತು. ಕೊನೆಗೆ ಅವನ ತಂದೆಯೇ ಹೇಳಿದ್ದು ಬೇರೆ. ಹೆಂಡತಿ ಆ ಹೆಸರು ಹೇಳಿದರು, ಚಿಕ್ಕದು, ಕೇಳಲು ಚೆನ್ನಾಗಿತ್ತು, ಇಟ್ಟೆವು, ಇಬ್ಬರ ಹೆಸರೂ ಅದರಲ್ಲಿ ಸೇರಿದೆ ಅನ್ನುವುದು ಕೆಲವು ವರ್ಷ ಆದಮೇಲೆ ಹೊಳೆಯಿತು ಅಂತ. ಎಷ್ಟು ಜನ ಆ ಮಾತು ಕೇಳಿಸಿಕೊಂಡರೋ! ಚೆಂದದ ಕಥೆ ಸಿಕ್ಕಮೇಲೆ ಯಾರಿಗೆ ಬೇಕು ತಿದ್ದುಪಡಿ.

ಆರೋಪಿ ನಂಬರ್ 2: ಕಾನೂನು

ಇನ್ನೊಂದು ವಾದ ಇದೆ. ಫ್ರಾನ್ಸಿನಲ್ಲಿ ಮೊದಲು ಮನಸ್ಸಿಗೆ ಬಂದ ಹೆಸರಿಡುವ ಹಾಗಿರಲಿಲ್ಲ, ಕಾನೂನು ಸಡಿಲವಾದ ಮೇಲೆ ಇಂಥವೆಲ್ಲ ಬಂದವು ಅಂತ.

ಅರ್ಧ ನಿಜ. ನೆಪೋಲಿಯನ್ ಕಾಲದ, 1803ರ ಕಾನೂನಿನ ಪ್ರಕಾರ ಮಗುವಿನ ಹೆಸರು ಕ್ಯಾಲೆಂಡರ್‌ಗಳಲ್ಲಿರುವ ಸಂತರದ್ದೋ ಪ್ರಾಚೀನ ಇತಿಹಾಸದ ಪ್ರಸಿದ್ಧರದ್ದೋ ಆಗಿರಬೇಕಿತ್ತು. ಮಗು ಹುಟ್ಟಿ ಮೂರು ದಿನದೊಳಗೆ ಊರಿನ ಮೇಯರ್ ಕಚೇರಿಗೆ ಹೋಗಿ ಜನನ ಬರೆಸಬೇಕು, ಹೆಸರೂ ಆಗಲೇ ಹೇಳಬೇಕು. ಗುಮಾಸ್ತ ಒಪ್ಪದಿದ್ದರೆ ಹೆಸರು ದಾಖಲಾಗುತ್ತಿರಲಿಲ್ಲ. ನಮ್ಮಲ್ಲಿ ಹೆಸರಿಲ್ಲದೆಯೇ ಜನನ ನೋಂದಾಯಿಸಿ, ನಾಮಕರಣ ಆದಮೇಲೆ ನಿಧಾನಕ್ಕೆ ಹೆಸರು ಸೇರಿಸಲು ಅವಕಾಶ ಇದೆ. ನಕ್ಷತ್ರ ನೋಡಿ, ಪಾದದ ಅಕ್ಷರ ಹುಡುಕಿ, ಅಜ್ಜಿಯ ಒಪ್ಪಿಗೆ ತಗೊಂಡು ಬರೆಸಬಹುದು. ಅಲ್ಲಿ ಅಷ್ಟು ಪುರುಸೊತ್ತಿಲ್ಲ. (ಆ ಮೂರು ದಿನ ಈಗ ಐದಾಗಿದೆ.)

ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತದ ಒಂದು ಕುಟುಂಬ ಮಕ್ಕಳಿಗೆ ಅಲ್ಲಿನ ಭಾಷೆಯ ಬ್ರೆಟನ್ ಹೆಸರಿಟ್ಟು, ಕಚೇರಿ ಒಪ್ಪದೆ, ವರ್ಷಗಟ್ಟಲೆ ಕೋರ್ಟು ಅಲೆದ ಪ್ರಕರಣ ಆ ಕಾಲದಲ್ಲಿ ಬಹಳ ದೊಡ್ಡದಾಯಿತು. 1966ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿ ಪ್ರಾದೇಶಿಕ ಹೆಸರು, ವಿದೇಶಿ ಹೆಸರುಗಳಿಗೆ ಸ್ವಲ್ಪ ದಾರಿ ಬಿಟ್ಟಿತು. ಪೂರ್ತಿ ಸ್ವಾತಂತ್ರ್ಯ ಕೊಟ್ಟದ್ದು 1993ರ ಜನವರಿ 8ರ ಕಾನೂನು. ಈಗ ತಂದೆತಾಯಿ ಇಷ್ಟ ಬಂದ ಹೆಸರಿಡಬಹುದು. ಮಗುವಿಗೆ ತೊಂದರೆಯಾಗುವಂಥ ಹೆಸರಾದರೆ ಮಾತ್ರ ಗುಮಾಸ್ತ ಸರ್ಕಾರಿ ವಕೀಲರಿಗೆ ತಿಳಿಸುತ್ತಾನೆ.

ಮತ್ತೆ ತಾರೀಖು ನೋಡಿ. 1993ರ ಕಾನೂನು ಬರುವ ಹೊತ್ತಿಗೆ ಕೆವಿನ್ ತುದಿ ಮುಟ್ಟಿ ಎರಡು ವರ್ಷ ಆಗಿತ್ತು. 1966ರ ಸುತ್ತೋಲೆ ಬಾಗಿಲು ತೆರೆದದ್ದು ಹೌದು. ಆದರೆ ತೆರೆದ ಬಾಗಿಲಲ್ಲಿ ಒಳಗೆ ಬಂದವನು ಕೆವಿನ್ನೇ ಯಾಕೆ ಅನ್ನುವುದಕ್ಕೆ ಸುತ್ತೋಲೆ ಉತ್ತರ ಕೊಡುವುದಿಲ್ಲ.

ತಮಾಷೆ ಅಂದರೆ, ಕೆವಿನ್ ಅಸಲಿಗೆ ಸಂತನ ಹೆಸರೇ. ಐರ್ಲೆಂಡಿನ ವಿಕ್ಲೊ ಬೆಟ್ಟಗಳಲ್ಲಿ ಗ್ಲೆಂಡಲೋಕ್ ಅಂತ ಒಂದು ಕಣಿವೆ ಇದೆ, ಅದರಲ್ಲಿ ಎರಡು ಕೆರೆ. ಅಲ್ಲಿ 6ನೇ ಶತಮಾನದಲ್ಲಿ ಮಠ ಕಟ್ಟಿದವನು ಸಂತ ಕೆವಿನ್. ಅವನು ಕೈ ಚಾಚಿ ಪ್ರಾರ್ಥನೆಗೆ ನಿಂತಾಗ ಹಕ್ಕಿಯೊಂದು ಬಂದು ಅಂಗೈಯಲ್ಲಿ ಮೊಟ್ಟೆ ಇಟ್ಟಿತಂತೆ, ಮರಿ ಹೊರಬರುವವರೆಗೂ ಅವನು ಕೈ ಅಲ್ಲಾಡಿಸಲಿಲ್ಲವಂತೆ. ಈಗಿನ ಫ್ರೆಂಚ್ ಕ್ಯಾಲೆಂಡರ್‌ನಲ್ಲಿ ಜೂನ್ 3 ಸಂತ ಕೆವಿನ್‌ನ ದಿನ. ಆದರೆ 1980ರ ದಶಕದಲ್ಲಿ ಮಗನಿಗೆ ಆ ಹೆಸರಿಟ್ಟ ಫ್ರೆಂಚ್ ಅಪ್ಪ ಅಮ್ಮನಿಗೆ ಐರಿಷ್ ಮಠಾಧಿಪತಿಯ ಗೊಡವೆ ಇತ್ತು ಅಂತ ನನಗನ್ನಿಸುವುದಿಲ್ಲ.

ಕೆಳಗಿನಿಂದ ಬಂದ ಹೆಸರು

ಹಾಗಾದರೆ ನಿಜವಾಗಿ ನಡೆದದ್ದೇನು?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಫಿಲಿಪ್ ಬೆನಾರ್ ಮತ್ತು ಅಂಕಿಅಂಶ ತಜ್ಞ ಗಿ ದೆಪ್ಲಾಂಕ್ 1980ರ ದಶಕದಲ್ಲಿ ಹೆಸರುಗಳ ಓಡಾಟವನ್ನು ಚೆನ್ನಾಗಿ ಗುರುತಿಸಿದ್ದರು. ಅವರು ಕಂಡದ್ದು ಹೀಗೆ: ಹೊಸ ಹೆಸರು ಮೊದಲು ದೊಡ್ಡ ಹುದ್ದೆಯವರ, ಓದಿದವರ ಮನೆಗಳಲ್ಲಿ ಶುರುವಾಗುತ್ತೆ. ಆಮೇಲೆ ಮಧ್ಯಮ ವರ್ಗಕ್ಕೆ, ಅಂಗಡಿ ಇಟ್ಟವರಿಗೆ, ಗುಮಾಸ್ತರಿಗೆ, ಕಾರ್ಮಿಕರಿಗೆ ಇಳಿದು, ಎಲ್ಲರಿಗಿಂತ ಕೊನೆಗೆ ರೈತರ ಮನೆ ಸೇರುತ್ತೆ. ಅಷ್ಟೊತ್ತಿಗೆ ಮೇಲಿನವರು ಆ ಹೆಸರು ಬಿಟ್ಟು ಬೇರೆ ಹಿಡಿದಿರುತ್ತಾರೆ. ತಮ್ಮ ಮಗನ ಹೆಸರು ತಮ್ಮ ಡ್ರೈವರ್ ಮಗನಿಗೂ ಇದೆ ಅಂದರೆ ಅವರಿಗೆ ರುಚಿಸುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಲೆಕ್ಕ ಹೇಳುತ್ತೆ.

ಕೆವಿನ್ ಈ ಮೆಟ್ಟಿಲು ಹತ್ತಿ ಇಳಿಯಲೇ ಇಲ್ಲ. ಅದು ಕಾರ್ಮಿಕರ, ಸಣ್ಣ ನೌಕರಿಯವರ ಮನೆಗಳಲ್ಲೇ ಬೆಳೆಯಿತು. ಉತ್ತರದ ಕಾರ್ಖಾನೆ ಪ್ರದೇಶಗಳಲ್ಲಿ ಜೋರಾಗಿತ್ತು. ಪ್ಯಾರಿಸ್ ನಗರದ ಶ್ರೀಮಂತ ಬೀದಿಗಳಲ್ಲಿ ಹೆಚ್ಚು ನಡೆಯಲಿಲ್ಲ. ಮೇಲಿನವರು ಆಗ ತೊಮಾ, ಅಲೆಕ್ಸಾಂದ್ರ್, ಆಂತ್ವಾನ್ ಇಡುತ್ತಿದ್ದರು.

ಈ ಮನೆಗಳಿಗೆ ಹೆಸರು ಎಲ್ಲಿಂದ ಬಂತು ಅಂದರೆ, ಬಹುಪಾಲು ಟಿವಿಯಿಂದ. 1980ರ ದಶಕದ ಮಧ್ಯದವರೆಗೆ ಫ್ರಾನ್ಸಿನಲ್ಲಿ ಟಿವಿ ಅಂದರೆ ಹೆಚ್ಚೂಕಮ್ಮಿ ಸರ್ಕಾರದ್ದೇ. ನಮ್ಮ ದೂರದರ್ಶನದ ಕಾಲದ ಹಾಗೆ. 1984ರಲ್ಲಿ ದುಡ್ಡು ಕೊಟ್ಟು ನೋಡುವ ಚಾನೆಲ್ ಬಂತು, ಆಮೇಲೆ ಖಾಸಗಿ ಚಾನೆಲ್‌ಗಳು ಬಂದವು. 1987ರಲ್ಲಿ ದೊಡ್ಡ ಸರ್ಕಾರಿ ಚಾನೆಲ್ ಒಂದನ್ನೇ ಖಾಸಗಿಯವರಿಗೆ ಮಾರಿದರು. ಇಡೀ ದಿನ ತುಂಬಿಸಬೇಕಲ್ಲ, ಅಮೆರಿಕದ ಧಾರಾವಾಹಿಗಳನ್ನು ತಂದು ಫ್ರೆಂಚ್ ಮಾತು ಜೋಡಿಸಿ ಸುರಿದರು. ಮಾತು ಫ್ರೆಂಚ್ ಆದರೂ ಪಾತ್ರಗಳ ಹೆಸರು ಹಾಗೇ ಉಳಿದವು. ಜೊನಾಥನ್, ಆಂಥೊನಿ, ಜೋರ್ಡನ್, ಸ್ಟೀವನ್, ಸ್ವಲ್ಪ ಆಮೇಲೆ ಡಿಲನ್. ಒಂದೇ ಧಾರಾವಾಹಿಯ ಒಂದೇ ಪಾತ್ರ ಕೆವಿನ್ ಹೆಸರನ್ನು ಹೊತ್ತು ತಂದಿತು ಅನ್ನಲಾಗುವುದಿಲ್ಲ. ಇಡೀ ಗುಂಪೇ ಒಟ್ಟಿಗೆ ಬಂತು. ಕೆವಿನ್ ಅದರಲ್ಲಿ ಮುಂದೆ ಓಡಿದ.

ಅವನೇ ಮುಂದೆ ಓಡಿದ್ದಕ್ಕೆ ಕಾರಣ ಹೆಸರಿನ ಸದ್ದಿನಲ್ಲೂ ಇದೆ ಅಂತ ನನ್ನ ಊಹೆ. ಆ ಕಾಲಕ್ಕೆ ಫ್ರಾನ್ಸಿನಲ್ಲಿ ಕೊನೆಗೆ 'ಇನ್' ಅಂತ ಬರೆಯುವ ಗಂಡು ಹೆಸರುಗಳು ಚಾಲ್ತಿಯಲ್ಲಿದ್ದವು. ಬೆಂಜಮಿನ್, ಕ್ವೆಂಟಿನ್, ವ್ಯಾಲೆಂಟಿನ್, ಬ್ರೆಟನ್ ಮೂಲದ ಕೊರೆಂಟಿನ್. ಫ್ರೆಂಚರು ಇವನ್ನು ಮೂಗಿನಲ್ಲಿ ಮುಗಿಸುತ್ತಾರೆ, ಕೆವಿನ್‌ನ 'ನ್' ಅನ್ನು ಮಾತ್ರ ಬಿಡಿಸಿ ಹೇಳುತ್ತಾರೆ. ಬರೆದಾಗ ಪರಿಚಿತ, ಕರೆದಾಗ ಹೊಸದು. ಐರಿಷ್ ಮೂಲ, ಐರಿಷ್ ಮತ್ತು ಬ್ರೆಟನ್ ಒಂದೇ ಭಾಷಾ ಕುಟುಂಬದವು, ಹಾಗಾಗಿ ಬ್ರೆಟನ್ ಹೆಸರುಗಳ ದಾಯಾದಿಯ ಹಾಗೂ ಕಾಣುತ್ತೆ. ಪೂರ್ತಿ ಪರದೇಶದ್ದು ಅನ್ನಿಸುವುದಿಲ್ಲ. ಎರಡೇ ಉಚ್ಚಾರ. ಅಂಗಳದಲ್ಲಿ ನಿಂತು ಕೂಗಲು ಸಲೀಸು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈ ಅಪ್ಪ ಅಮ್ಮಂದಿರು ಯಾರನ್ನೋ ಕಣ್ಣುಮುಚ್ಚಿ ನಕಲು ಮಾಡಿದರು ಅಂತ ಆಮೇಲೆ ಓದಿದವರು ಬರೆದರು. ಆದರೆ ಅದುವರೆಗೆ ಕಾರ್ಮಿಕರ ಮಕ್ಕಳಿಗೆ ಸಿಗುತ್ತಿದ್ದದ್ದು ಮೇಲಿನವರು ಉಟ್ಟು ಬಿಟ್ಟ ಹೆಸರುಗಳು. ಕೆವಿನ್ ವಿಷಯದಲ್ಲಿ ಅವರು ಯಾರಿಗೂ ಕಾಯಲಿಲ್ಲ, ತಮಗೆ ಹಿಡಿಸಿದ್ದನ್ನು ತಾವೇ ಆರಿಸಿಕೊಂಡರು. ದೇಶದ ಒಂದನೇ ಹೆಸರನ್ನು ಆರು ವರ್ಷ ಅವರೇ ತೀರ್ಮಾನ ಮಾಡಿದ ಹಾಗಾಯಿತು. ನನ್ನ ಮಟ್ಟಿಗೆ, ಆಮೇಲಿನ ನಗೆಯ ಬೇರು ಇರುವುದು ಇಲ್ಲೇ.

ಶಾಲೆಯ ಹಾಜರಿ ಪುಸ್ತಕದಲ್ಲಿ

1991ರ ಕೆವಿನ್‌ಗಳು ಶಾಲೆಗೆ ಬಂದದ್ದು 1990ರ ದಶಕದ ಮಧ್ಯದಲ್ಲಿ. ಒಂದೇ ತರಗತಿಯಲ್ಲಿ ಇಬ್ಬರು ಮೂವರು. ನಮ್ಮ ಶಾಲೆಗಳಲ್ಲಿ ಸಚಿನ್ ಕೆ., ಸಚಿನ್ ಎಂ. ಅಂತ ಕೂಗುತ್ತಿದ್ದರಲ್ಲ, ಹಾಗೇ ಅಲ್ಲೂ ಕೆವಿನ್‌ಗೆ ಮನೆತನದ ಹೆಸರಿನ ಮೊದಲಕ್ಷರ ಸೇರಿಸಿ ಕೂಗಬೇಕಾಯಿತು. ಇಷ್ಟು ಹೆಚ್ಚಾದ ಯಾವ ಹೆಸರೂ ಹೊಸ ತಂದೆತಾಯಿಗೆ ಬೇಡವಾಗುತ್ತೆ. ಇಳಿಕೆಗೆ ಇದಿಷ್ಟೇ ಸಾಕು. ಜೂಲಿಯೆನ್ ಇಳಿದದ್ದೂ ಹೀಗೇ.

ಅವಮಾನ ಬಂದದ್ದು ಬೇರೆ ದಾರಿಯಲ್ಲಿ. ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಒಂದು ಅಧ್ಯಯನ ನಡೆಯಿತು. ಶಿಕ್ಷಣ ವಿಭಾಗದ ಪ್ರಾಧ್ಯಾಪಕಿ ಆಸ್ಟ್ರಿಡ್ ಕೈಸರ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿಯೊಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಪ್ರಶ್ನೆಪಟ್ಟಿ ಕೊಟ್ಟು, ಯಾವ ಹೆಸರು ಕೇಳಿದರೆ ಮಗು ಹೇಗಿರಬಹುದು ಅನ್ನಿಸುತ್ತೆ ಅಂತ ಕೇಳಿದರು. ಮಕ್ಕಳ ಮುಖ ಇಲ್ಲ, ಅಂಕಪಟ್ಟಿ ಇಲ್ಲ, ಬರೀ ಹೆಸರು. ಶಾರ್ಲೊಟೆ, ಸೋಫಿ, ಅಲೆಕ್ಸಾಂಡರ್, ಮ್ಯಾಕ್ಸಿಮಿಲಿಯನ್ ಅಂದರೆ ಜಾಣ ಮಗು, ಹೇಳಿದ ಮಾತು ಕೇಳುವ ಮಗು. ಶಾಂತಾಲ್, ಮ್ಯಾಂಡಿ, ಜಸ್ಟಿನ್, ಕೆವಿನ್ ಅಂದರೆ ಗಲಾಟೆ, ಓದಿನಲ್ಲಿ ಹಿಂದೆ. ಒಬ್ಬರು ಬರೆದ ಉತ್ತರ ದೇಶಕ್ಕೇ ಪ್ರಸಿದ್ಧವಾಯಿತು: 'ಕೆವಿನ್ ಅನ್ನುವುದು ಹೆಸರಲ್ಲ, ಅದೊಂದು ರೋಗನಿರ್ಣಯ.'

ಪತ್ರಿಕೆಗಳು ಈ ಸಾಲನ್ನು ಎತ್ತಿಕೊಂಡು ಓಡಿದವು. ಓದಿದವರಲ್ಲಿ ಬಹಳ ಜನ ಕೆವಿನ್‌ಗಳು ದಡ್ಡರು ಅಂತ ಅಧ್ಯಯನ ತೋರಿಸಿದೆ ಅಂದುಕೊಂಡರು. ಅದು ತೋರಿಸಿದ್ದು ಶಿಕ್ಷಕರ ತಲೆಯೊಳಗೆ ಏನಿದೆ ಅನ್ನುವುದನ್ನು. ಆರು ವರ್ಷದ ಹುಡುಗ ಬಾಗಿಲಲ್ಲಿ ಕಾಲಿಡುವ ಮೊದಲೇ ಮೇಡಂ ತೀರ್ಮಾನ ಮಾಡಿ ಆಗಿದೆ. ಪಾಪ, ಆ ಹುಡುಗ ಏನು ಮಾಡಿದ್ದ?

ಫ್ರಾನ್ಸಿನಲ್ಲಿ ಸಮಾಜಶಾಸ್ತ್ರಜ್ಞ ಬಾಪ್ಟಿಸ್ಟ್ ಕುಲ್ಮೊಂ ಬೇರೆ ಕೆಲಸ ಮಾಡಿದರು. ನಮ್ಮ ಪಿಯುಸಿ ಥರದ ಬಾಕಲೊರಿಯಾ ಪರೀಕ್ಷೆಯ ಫಲಿತಾಂಶವನ್ನು ಹೆಸರುವಾರು ಜೋಡಿಸಿ ನಕ್ಷೆ ಮಾಡಿದರು. ಅತ್ಯುತ್ತಮ ದರ್ಜೆ ಪಡೆದವರ ಪಾಲು ಯಾವ ಹೆಸರಲ್ಲಿ ಎಷ್ಟು ಅಂತ. ಕೆವಿನ್‌ಗಳು ಕೆಳಗಿದ್ದರು. ಹಳೆಯ ಶ್ರೀಮಂತ ಮನೆಗಳ ಹೆಸರುಗಳು ಮೇಲಿದ್ದವು. ಇಲ್ಲಿ ಅಂಕ ನಿಜ, ಆದರೆ ಹೆಸರು ಅಂಕ ಕಡಿಮೆ ಮಾಡಲಿಲ್ಲ. ಹೆಸರು ಮನೆಯ ವಿಳಾಸ ಹೇಳಿತು, ಅಷ್ಟೇ. ಮನೆಯಲ್ಲಿ ಪುಸ್ತಕ ಇದೆಯೋ ಇಲ್ಲವೋ, ಅಪ್ಪನಿಗೆ ಪಾಳಿ ಕೆಲಸವೋ ಏನೋ, ಟ್ಯೂಷನ್‌ಗೆ ದುಡ್ಡಿದೆಯೋ ಇಲ್ಲವೋ. ಅದೇ ಮನೆಯ ಅದೇ ಹುಡುಗನಿಗೆ ಅಲೆಕ್ಸಾಂದ್ರ್ ಅಂತ ಹೆಸರಿಟ್ಟಿದ್ದರೂ ಮನೆ ಬದಲಾಗುತ್ತಿರಲಿಲ್ಲ. ಮೇಡಂ ನೋಟ ಮಾತ್ರ ಸ್ವಲ್ಪ ಬದಲಾಗುತ್ತಿತ್ತೇನೋ.

ಜರ್ಮನಿಯಲ್ಲಿ ಮಕ್ಕಳಿಗೆ ಇಂಥ ಹೆಸರಿಡುವುದಕ್ಕೆ 'ಕೆವಿನಿಸ್ಮುಸ್' ಅಂತ ಕಾಯಿಲೆಯ ಹೆಸರೇ ಕಟ್ಟಿದರು. ಹಳೆಯ ಪೂರ್ವ ಜರ್ಮನಿಯಲ್ಲಿ ಮ್ಯಾಂಡಿ, ಸಿಂಡಿ, ರೋನಿ, ಮೈಕ್ ಅಂತ ಇಡುತ್ತಿದ್ದವರ ಬಗ್ಗೆ ಪಶ್ಚಿಮದವರಿಗಿದ್ದ ತಾತ್ಸಾರವೂ ಅದರೊಳಗೆ ಸೇರಿಕೊಂಡಿತು. 2015ರಲ್ಲಿ ಅಲ್ಲಿನ 'ವರ್ಷದ ಯುವಪದ' ಸ್ಪರ್ಧೆಗೆ 'ಆಲ್ಫಾ-ಕೆವಿನ್' ಅನ್ನುವ ಪದ ಬಂತು, ಅರ್ಥ 'ದಡ್ಡರಲ್ಲೇ ಹಿರಿಯ'. ಕೆವಿನ್ ಹೆಸರಿನವರಿಗೆ ಅವಮಾನ ಅಂತ ಕೊನೆಗೆ ಆಯೋಜಕರು ಅದನ್ನು ಪಟ್ಟಿಯಿಂದ ತೆಗೆದರು.

ಇದೇ ಕೆವಿನ್ ಮಂಗಳೂರಿನಲ್ಲಿ

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಲ್ಲಿ ಕೆವಿನ್ ಅಂದರೆ ಸುಮ್ನೆ ಒಂದು ಹೆಸರು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹುಡುಗನದ್ದು, ಚರ್ಚಿನಲ್ಲಿ ಗಿಟಾರ್ ನುಡಿಸುವವನದ್ದು, ಇಂಜಿನಿಯರಿಂಗ್ ರ‍್ಯಾಂಕ್ ಬಂದವನದ್ದು. ಯಾರೂ ನಗುವುದಿಲ್ಲ. ಅಲ್ಲಿಂದ ಒಬ್ಬ ಕೆವಿನ್ ಕೆಲಸ ಸಿಕ್ಕಿ ಮ್ಯೂನಿಕ್‌ಗೆ ಹೋದ ಅಂತಿಟ್ಟುಕೊಳ್ಳಿ. ಆಫೀಸಿನಲ್ಲಿ ಹೆಸರು ಹೇಳಿದ ತಕ್ಷಣ ಎದುರಿನವರ ತುಟಿ ಯಾಕೆ ಕೊಂಕಿತು ಅಂತ ಅವನಿಗೆ ತಿಳಿಯಲು ಸ್ವಲ್ಪ ದಿನ ಬೇಕು. ತಪ್ಪು ಹೆಸರಿನೊಳಗೆ ಇದ್ದಿದ್ದರೆ ಮಂಗಳೂರಿನಲ್ಲೂ ಇರಬೇಕಿತ್ತಲ್ವಾ.

ಇದನ್ನು ಓದಿ ಯುರೋಪಿನವರ ಮೇಲೆ ಬೆರಳು ತೋರಿಸುವ ಮೊದಲು ನಮ್ಮ ಸಿನಿಮಾ, ನಾಟಕಗಳ ಹಾಸ್ಯ ಪಾತ್ರಗಳನ್ನು ನೆನೆಸಿಕೊಳ್ಳಿ. ಮನೆಗೆಲಸದವನು, ಪೆದ್ದ, ಹಳ್ಳಿಯಿಂದ ಬಂದವನು ಅಂದ ಕೂಡಲೇ ಅವನ ಹೆಸರು ಬೋರ, ಮಾದ, ಸಿದ್ದ, ಕೆಂಪ. ನಾಯಕನಿಗೆ ಆ ಹೆಸರು ಸಿಗುವುದು ಬಲು ಕಮ್ಮಿ. ಅಲ್ಲಿ ಬಡವರು ಹೊರಗಿನಿಂದ ತಂದ ಹೊಸ ಹೆಸರಿಗೆ ನಕ್ಕರು, ಇಲ್ಲಿ ಬಡವರ ಮನೆದೇವರ ಹಳೆಯ ಹೆಸರಿಗೆ ನಗುತ್ತೇವೆ. ಪರಿಣಾಮ ಏನೆಂದರೆ ಮಾದಪ್ಪನ ಮೊಮ್ಮಗ ಈಗ ವಿಹಾನ್, ಇಲ್ಲವೇ ಆರವ್. ಮನೆದೇವರು ಮಲೆ ಮಾದೇಶ್ವರನೇ ಆದರೂ ಶಾಲೆಯ ದಾಖಲೆಗೆ ಆ ಹೆಸರು ಬೇಡ. ಅಪ್ಪ ಅಮ್ಮನ ಲೆಕ್ಕ ಸರಿಯಾಗೇ ಇದೆ. ಮೇಡಂ ಹೇಗೆ ನೋಡುತ್ತಾರೆ ಅನ್ನುವುದು ಅವರಿಗೂ ಗೊತ್ತು.

ಕೆವಿನ್‌ಗಳು ಈಗ

ಈಗ ಅವರಿಗೆ ಮೂವತ್ತು ದಾಟಿದೆ. ಹುಡುಗನಾಗಿದ್ದಾಗ ನಗುವುದು ಸುಲಭ. ಡಾಕ್ಟರ್ ಕೆವಿನ್, ಪೊಲೀಸ್ ಅಧಿಕಾರಿ ಕೆವಿನ್, ವಕೀಲ ಕೆವಿನ್ ಎದುರು ನಗುವುದು ಸ್ವಲ್ಪ ಕಷ್ಟ. ಫ್ರಾನ್ಸಿನ ಡೆಕಾಥ್ಲಾನ್ (ಹತ್ತು ಆಟಗಳ ಸ್ಪರ್ಧೆ) ಕ್ರೀಡಾಪಟು ಕೆವಿನ್ ಮೇಯರ್, 1992ರಲ್ಲಿ ಹುಟ್ಟಿದವನು, 2018ರಲ್ಲಿ 9126 ಅಂಕ ಗಳಿಸಿ ವಿಶ್ವದಾಖಲೆ ಬರೆದ. ಬೆಲ್ಜಿಯಂನ ಫುಟ್‌ಬಾಲ್ ತಾರೆ ಕೆವಿನ್ ಡಿ ಬ್ರೊಯ್ನ ಹುಟ್ಟಿದ್ದು ಸರಿಯಾಗಿ 1991ರಲ್ಲೇ. 2022ರ ಚುನಾವಣೆಯಲ್ಲಿ ಫ್ರಾನ್ಸಿನ ಸಂಸತ್ತಿಗೆ ಕೆವಿನ್ ಫೆಫರ್, ಕೆವಿನ್ ಮೊವ್ಯು ಅಂತ ಇಬ್ಬರು ಆರಿಸಿಬಂದರು. ಇಬ್ಬರೂ ಮರೀನ್ ಲ ಪೆನ್ ಅವರ ಬಲಪಂಥೀಯ ಪಕ್ಷದವರು. ಆ ಪಕ್ಷದ ಬಲ ಹೆಚ್ಚಿರುವುದು ಯಾವ ಊರುಗಳಲ್ಲಿ ಅಂತ ನೋಡಿದರೆ, ಒಂದು ಕಾಲಕ್ಕೆ ಕೆವಿನ್ ಹೆಸರು ಜೋರಾಗಿದ್ದ ಎಷ್ಟೋ ಊರುಗಳು ಅಲ್ಲಿವೆ. ಹೆಸರು ನೋಡಿ ನಕ್ಕವರಿಗೆ ಇದರಲ್ಲಿ ಯೋಚಿಸಲು ಏನಾದರೂ ಇದೆ.

ಅದೇ ವರ್ಷ ಕೆವಿನ್ ಹೆಸರಿನದೇ ಒಬ್ಬ ವಿಡಿಯೊ ತಯಾರಕ, ಕೆವಿನ್‌ಗಳ ಕಷ್ಟಸುಖದ ಮೇಲೆ ಸಾಕ್ಷ್ಯಚಿತ್ರ ಮಾಡುತ್ತೇನೆ ಅಂತ ಜನರಿಂದ ಹಣ ಎತ್ತಲು ಹೊರಟ. ಹೆಸರು ಬೇಡ ಅನ್ನಿಸಿದವರಿಗೆ ಈಗ ದಾರಿಯೂ ಸುಲಭವಾಗಿದೆ. 2016ರ ಕೊನೆಯ ಕಾನೂನಿನ ನಂತರ ಮೊದಲ ಹೆಸರು ಬದಲಿಸಲು ನ್ಯಾಯಾಧೀಶರ ಬಳಿ ಹೋಗಬೇಕಿಲ್ಲ, ಊರಿನ ಮೇಯರ್ ಕಚೇರಿಯಲ್ಲೇ ಅರ್ಜಿ ಕೊಡಬಹುದು. ನಮ್ಮ ನೋಟರಿ ಅಫಿಡವಿಟ್, ಪೇಪರ್ ಜಾಹೀರಾತು, ಗೆಜೆಟ್ ಓಡಾಟಕ್ಕೆ ಹೋಲಿಸಿದರೆ ಬಹಳ ಸಲೀಸು.

ಇನ್ನೊಂದು ಕೆವಿನ್ ಬರುತ್ತಾನಾ ಅಂತ ಕೇಳಿದರೆ, ಅಷ್ಟು ದೊಡ್ಡದಾಗಿ ಬರುವುದು ಕಷ್ಟ. ಈಚಿನ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಒಂದನೇ ಸ್ಥಾನದಲ್ಲಿದ್ದ ಗಂಡು ಹೆಸರು ಗೇಬ್ರಿಯಲ್. ಅದು ಒಂದನೇ ಸ್ಥಾನದಲ್ಲಿದ್ದರೂ ವರ್ಷಕ್ಕೆ ಸುಮಾರು 5 ಸಾವಿರ ಮಕ್ಕಳಿಗೆ ಮಾತ್ರ. ಕೆವಿನ್ ತುದಿಯಲ್ಲಿದ್ದಾಗಿನ ಅರ್ಧವೂ ಇಲ್ಲ. 1993ರ ಕಾನೂನಿನ ನಿಜವಾದ ಫಲ ಇದು. ಎಲ್ಲರಿಗೂ ತಮ್ಮ ಮಗುವಿನ ಹೆಸರು ಬೇರೆ ಯಾರಿಗೂ ಇರಬಾರದು. ಸಾವಿರಾರು ಹೆಸರುಗಳ ನಡುವೆ ತಂದೆತಾಯಿ ಚದುರಿ ಹೋಗಿದ್ದಾರೆ. ವರ್ಗದ ಗುರುತು ಮಾತ್ರ ಚದುರಿಲ್ಲ. ಕುಲ್ಮೊಂ ಅವರ ಪರೀಕ್ಷಾ ನಕ್ಷೆಯಲ್ಲಿ ಹೊಸ ಹೆಸರುಗಳೂ ಅದೇ ಹಳೆಯ ಕ್ರಮದಲ್ಲಿ, ಕೆಲವು ಮೇಲೆ, ಕೆಲವು ಕೆಳಗೆ, ಬಂದು ನಿಲ್ಲುತ್ತಿವೆ.